ನಜರಾಣೆಗೆ ಕೊಟ್ಟ ರೊಟ್ಟಿ

ದೇವರು ಮನುಷ್ಯರಿಗೆ ಮುಖ ಕೊಟ್ಟಿದ್ದು ಮನಸ್ಸನ್ನು ಮುಚ್ಚಿಡಲಿಕ್ಕೋ ತೆರೆದಿಡಲಿಕ್ಕೋ ಎಂಬುದು ಇಷ್ಟು ವಯಸ್ಸಾದರೂ ನನಗೆ ಬಗೆಹರಿದಿಲ್ಲ. ಕೆಲವರ ಮುಖ ಬೀಗ ಹಾಕಿದ ಕಪಾಟಿನ ಹಾಗೆ. ಒಳಗೆ ಬಂಗಾರವಿದೆಯೋ ಹಳೆಯ ಬಟ್ಟೆಯಿದೆಯೋ ಎದುರಿಗೆ ಕೂತವರಿಗೆ ಗೊತ್ತಾಗುವುದಿಲ್ಲ. ನನ್ನದು ಗಾಜಿನ ಭರಣಿ. ಉಪ್ಪಿನಕಾಯಿ ಎಷ್ಟು ಉಳಿದಿದೆ ಎಂದು ಬೀದಿಯಲ್ಲಿ ಹೋಗುವವರೂ ಹೇಳಿಬಿಡಬಹುದು. ಗುಲಬರ್ಗಾದ ಕಾನ್ವೆಂಟಿನಲ್ಲಿ ಓದುವಾಗ ಯಾರೋ ಶಾಯಿ ಚೆಲ್ಲಿದರೆ ಸಿಸ್ಟರ್ ಇಡೀ ತರಗತಿಯನ್ನು ವಿಚಾರಿಸುತ್ತಿರಲಿಲ್ಲ. ನನ್ನ ಕಿವಿ ನೋಡುತ್ತಿದ್ದರು. ಚೆಲ್ಲಿದವಳು ನಾನಾದರೆ ಎರಡೂ ಕಿವಿ ಕೆಂಪು, ಚೆಲ್ಲಿದವಳು ಯಾರೆಂದು ನನಗೆ ಗೊತ್ತಿದ್ದರೆ ಒಂದೇ ಕಿವಿ ಕೆಂಪು. ಇನ್ನು ಖುಷಿಯಾದರಂತೂ ಕಿವಿಯೊಂದೇ ಅಲ್ಲ, ಕೈಯೂ ನನ್ನ ಮಾತು ಕೇಳುವುದಿಲ್ಲ. ನನಗೆ ತಿಳಿಯದಂತೆಯೇ ಬಲಗೈ ಹೋಗಿ ಎಡಗೈಯ ಬಳೆಗಳನ್ನು ಮೊಣಕೈಯ ಕಡೆ ಏರಿಸಿಬಿಡುತ್ತದೆ. ಇಂಥ ಮುಖ, ಇಂಥ ಕಿವಿ, ಇಂಥ ಕೈ ಹೊತ್ತುಕೊಂಡು ನಾನು ಮದುವೆಯಾಗಿ ಬಂದದ್ದು ಆಳಂದದ ತೊಗರಿ ವ್ಯಾಪಾರಸ್ಥರ ಮನೆಗೆ. ನೀರಿಗೆ ಬಿದ್ದ ಬೆಲ್ಲದ ಗತಿ ಏನಾಗಬೇಕೋ ಅದೇ ಆಯಿತು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿದ್ದ ದಿನಗಳು. ನಮ್ಮಪ್ಪ ಜೇವರ್ಗಿಯ ಸರಕಾರಿ ದವಾಖಾನೆಯಲ್ಲಿ ಕಂಪೌಂಡರ್. ನಮ್ಮ ಮನೆಯಲ್ಲಿ ಅಳತೆಯೆಂದರೆ ಔಷಧದ ಸೀಸೆಗೆ ಅಂಟಿಸಿದ ಕಾಗದದ ಗೆರೆ. ಒಂದು ಗುಟುಕು ಹೆಚ್ಚಿಲ್ಲ, ಒಂದು ಗುಟುಕು ಕಡಿಮೆಯಿಲ್ಲ. ಕಾನ್ವೆಂಟಿನಲ್ಲಿ ಕಲಿತದ್ದು ಕ್ರೋಶಾ ಹೆಣಿಗೆ, ಅಂದವಾದ ಅಕ್ಷರ ಮತ್ತು ಕೊಟ್ಟ ಮಾತಿಗೆ ತಪ್ಪಬಾರದು ಎಂಬ ಪಾಠ. ಮಾವನವರದು ರೈತರ ಮಾಲು ಮಾರಿಸುವ ಅಡತಿ ಅಂಗಡಿ. ಪಡಸಾಲೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಳಿ ಟೊಪ್ಪಿಗೆಗಳು ಬಂದು ಕೂತು ಎದ್ದು ಹೋಗುತ್ತಿದ್ದವು. ಅವರ ಬಾಯಲ್ಲಿ ಎರಡೇ ಮಾತು: ತೇಜಿ, ಮಂದಿ. ದರ ಏರಿದರೆ ತೇಜಿ, ಇಳಿದರೆ ಮಂದಿ ಎಂಬಷ್ಟು ನಾನೂ ಊಹಿಸಿಕೊಂಡಿದ್ದೆ. ಆದರೆ ಈ ತೇಜಿಯನ್ನೂ ಮಂದಿಯನ್ನೂ ಬದನೆಕಾಯಿಯ ಹಾಗೆ ಕೊಂಡು ಮಾರುತ್ತಾರೆ, ಅದಕ್ಕೆ ‘ನಜರಾಣೆ’ ಎಂದು ಒಂದಿಷ್ಟು ಮುಂಗಡ ಕೊಡುತ್ತಾರೆ ಎಂಬುದು ತಲೆಗೆ ಹೋಗಲಿಲ್ಲ. ಕೇಳಲು ನಾಚಿಕೆ. ಹೊಸ ಸೊಸೆ ಎಲ್ಲದಕ್ಕೂ ತಲೆಯಾಡಿಸಬೇಕು ಎಂದು ಅವ್ವ ಹೇಳಿ ಕಳಿಸಿದ್ದಳು, ಆಡಿಸುತ್ತಿದ್ದೆ.

ತಲೆಯಾಡಿಸುತ್ತ ಇದ್ದಿದ್ದರೆ ಚೆನ್ನಾಗಿತ್ತು. ಬಾಯಿ ತೆರೆದೆ. ಚೌಡಾಪುರದ ಸಿದ್ದಣ್ಣ ಎಂಬ ವ್ಯಾಪಾರಿ ಮಾವನವರ ಹಳೆಯ ಪರಿಚಯಸ್ಥ. ಇಂತಿಷ್ಟು ಚೀಲ ತೊಗರಿಯನ್ನು ಇಂಥ ದರಕ್ಕೆ ಒಂದು ತಿಂಗಳಲ್ಲಿ ಒಯ್ಯುತ್ತೇನೆ ಎಂದು ಆತ ಹೇಳಿ ಹೋದದ್ದನ್ನು ಚಹಾ ಕೊಡುವಾಗ ನಾನೇ ಕಿವಿಯಾರೆ ಕೇಳಿದ್ದೆ. ತಿಂಗಳು ಕಳೆಯಿತು, ಚೀಲಗಳು ಕೋಣೆಯಲ್ಲಿಯೇ ಇದ್ದವು. ಆತ ಮಾತ್ರ ನಗುನಗುತ್ತ ಬಂದು ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ನನ್ನೊಳಗಿನ ಕಾನ್ವೆಂಟು ಸುಮ್ಮನಿರಲಿಲ್ಲ.

“ಅಣ್ಣಾರ, ನೀವು ತೊಗರಿ ಒಯ್ತೇನಂತ ಮಾತು ಕೊಟ್ಟಿದ್ದಿರಿ. ಮಾವಾರು ನಿಮ್ಮ ಸಲುವಾಗಿ ಚೀಲ ಹಂಗೇ ಇಟ್ಟಾರ. ಮಾತು ಕೊಟ್ಟ ಮ್ಯಾಲ ನಡಸಬೇಕಲ್ರಿ?” ಎಂದೆ, ಕಪ್ಪುಬಸಿಯನ್ನು ಅವನ ಮುಂದೆ ಇಡುತ್ತ.

ಮಾವನವರು ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. ನಮ್ಮ ಮನೆಯವರು ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ಹುಡುಕತೊಡಗಿದರು. ಸಿದ್ದಣ್ಣ ಮಾತ್ರ ಬಸಿಯಲ್ಲಿ ಚಹಾ ಸುರುವಿಕೊಂಡು, “ತಂಗಿ, ಒಯ್ಯದೇ ಇರಾಕಂತಲೇ ನಜರಾಣಿ ಕೊಟ್ಟಿದ್ನೆವಾ ನಾ!” ಎಂದ. ಆಮೇಲೆ ಎದ್ದ ನಗು ಅಗಸಿ ಬಾಗಿಲಿನ ತನಕ ಕೇಳಿಸಿರಬೇಕು. ನನ್ನ ಎರಡೂ ಕಿವಿ ಕೆಂಪಾದವು. ದುಡ್ಡು ಕೊಟ್ಟು ಮಾತು ತಪ್ಪುವ ಹಕ್ಕನ್ನು ಕೊಂಡುಕೊಳ್ಳುವ ಊರಿಗೆ ನನ್ನನ್ನು ಕೊಟ್ಟಿದ್ದಾರಲ್ಲ ಎಂದು ಅಡಿಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ.

ಅತ್ತೆಯವರು ಅಲ್ಲಿಯೇ ಕೂತು ಅಡಕೊತ್ತಿನಿಂದ ಅಡಿಕೆ ಕತ್ತರಿಸುತ್ತಿದ್ದರು. ನಮ್ಮ ಅತ್ತೆಯವರ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಹಣೆಯ ತುಂಬ ವಿಭೂತಿ, ತಲೆಯ ತುಂಬ ಸೆರಗು, ಬೆಳಿಗ್ಗೆ ಲಿಂಗಪೂಜೆ ಆಗದೆ ಗುಟುಕು ನೀರಿಲ್ಲ. ನೋಡಿದವರು ಈ ತಾಯಿಗೆ ತೊಗರಿ ಬೇಳೆಯಾದ ಮೇಲಷ್ಟೇ ಗೊತ್ತಿರಬೇಕು ಎಂದುಕೊಳ್ಳುತ್ತಿದ್ದರು. ಆದರೆ ಅವರ ತವರು ಖಜೂರಿ. ಗಡಿಯ ಊರು, ಲಾರಿಗಳು ಆ ಕಡೆಯಿಂದ ಒಂದು ದರ, ಈ ಕಡೆಯಿಂದ ಒಂದು ದರ ಹೊತ್ತು ತರುತ್ತಿದ್ದ ಜಾಗ. ಅವರಪ್ಪ ವ್ಯಾಪಾರಿ, ಮಗಳು ಚೀಲದ ಮೇಲೆ ಕೂತು ಬೆಳೆದವಳು. ಪಡಸಾಲೆಯಲ್ಲಿ ಸೌದಾ ಕುದುರಿಸುವ ಮಾತು ನಡೆಯುವಾಗ ನಡುಮನೆಯಿಂದ ಅಡಕೊತ್ತಿನ ‘ಕಟ್’ ಎಂಬ ಸದ್ದು ಬರುತ್ತಿತ್ತು. ಸದ್ದು ಒಂದೇ ಸಮನೆ ಬರುತ್ತಿದ್ದರೆ ಮಾವನವರು “ಆಗಲಿ” ಎನ್ನುತ್ತಿದ್ದರು. ಸದ್ದು ನಿಂತರೆ “ನಾಳಿ ನೋಡೋಣ್ರಿ” ಎನ್ನುತ್ತಿದ್ದರು. ಆಳಂದದಲ್ಲಿ ಮಾವನವರಿಗೆ ಬಲು ಚತುರ ಎಂಬ ಹೆಸರಿತ್ತು. ಆ ಹೆಸರಿನಲ್ಲಿ ಅಡಕೊತ್ತಿನ ಪಾಲೆಷ್ಟು ಎಂದು ಯಾರೂ ಕೇಳಲಿಲ್ಲ.

“ಯಾಕ ಅಳಾಕತ್ತಿ ಬೇ ಸುಶೀಲಾ?” ಎಂದರು ಅತ್ತೆಯವರು. “ಸಿದ್ದಣ್ಣ ಮಾತು ತಪ್ಪಿಲ್ಲ. ನೀ ಲೆಕ್ಕ ತಪ್ಪೀದಿ. ಕೊಂಡವರಿಗೆ ಹಕ್ಕು, ಮಾರಿದವರಿಗೆ ಮಾತು. ಇಷ್ಟ ತಿಳಕೊಂಡ್ರ ಸಾಕು. ನಾಳಿ ಮಧ್ಯಾಹ್ನ ಕೆಲಸ ತೀರಿಸಿಕೊಂಡು ಬಾ, ಕಲಿಸ್ತೇನಿ.”

ಮರುದಿನ ಮಧ್ಯಾಹ್ನ ನಡುಮನೆಗೆ ಹೋದರೆ ಮಣೆಯ ಮೇಲೆ ಒಂದು ಕಟ್ಟು ಇಸ್ಪೀಟು! ಪಕ್ಕದಲ್ಲಿ ಒಂದು ಬಟ್ಟಲು ಹುಣಸೆಬೀಜ. ಎದುರಿಗೆ ನೆರೆಮನೆಯ ಬಾನು ಚಾಚಿ, ಖಜೂರಿ ರಸ್ತೆಯಲ್ಲಿ ಲಾರಿ ಓಡಿಸುವವರ ಹೆಂಡತಿ, ತೋಳು ಮಡಚಿ ಕೂತಿದ್ದರು. ಕಾನ್ವೆಂಟಿನ ಹಾಸ್ಟೆಲಿನಲ್ಲಿ ನಾವು ‘ಕತ್ತೆ’ ಆಟ ಆಡುವಾಗ ಕೂಡ ಎಲೆಗಳನ್ನು ಹಾಡಿನ ಪುಸ್ತಕದೊಳಗೆ ಬಚ್ಚಿಡುತ್ತಿದ್ದೆವು. ಇಲ್ಲಿ ವಿಭೂತಿಯ ಹಣೆಯ ಅತ್ತೆಯವರು ಎಲೆಗಳನ್ನು ಕಲಸುತ್ತಿದ್ದ ರೀತಿ ನೋಡಿದರೆ ಹಿಟ್ಟು ನಾದಿದಷ್ಟು ಸಲೀಸು.

“ತೋಬಾ, ಹೀಗ್ಯಾಕೆ ದೆವ್ವ ನೋಡಿದಂಗ ನೋಡ್ತೀ ಬೇಟಿ? ಕೂಡು,” ಎಂದರು ಚಾಚಿ. “ಗಂಡಸ್ರು ಮೂರೆಲೆ ಆಡಿ ದುಡ್ಡು ಕಳೀತಾರೆ. ನಾವು ಹುಣಸೆಬೀಜ ಕಳೀತೇವೆ. ಅಷ್ಟೇ ಫರಕು.”

ಆಟ ಗಂಡಸರ ಮೂರೆಲೆಯ ತಂಗಿ ಎನ್ನಬಹುದು. ಎಲೆಗಿಂತ ಮುಖವೇ ಹೆಚ್ಚು ಆಡುವಂಥದ್ದು. ಮೂವರಿಗೂ ಒಂದೊಂದು ಎಲೆ. ಅದನ್ನು ಅವರವರೇ ನೋಡಿಕೊಳ್ಳಬೇಕು. ಮಣೆಯ ಮೇಲೆ ಒಂದು ಎಲೆ ಬೋರಲು. ಅದು ಯಾರಿಗೂ ಗೊತ್ತಿಲ್ಲ. ಎಕ್ಕಾ ಒಂದು, ಗುಲಾಮ ಹನ್ನೊಂದು, ರಾಣಿ ಹನ್ನೆರಡು, ರಾಜ ಹದಿಮೂರು. ನಾಲ್ಕೂ ಎಲೆ ಕೂಡಿದರೆ ಬರುವ ಲೆಕ್ಕವೇ ಆವತ್ತಿನ ತೊಗರಿ ದರ. ಎಲೆ ತೆರೆಯುವುದಕ್ಕೆ ಮೊದಲೇ ವ್ಯಾಪಾರ ಆಗಬೇಕು. ನಾನು ಚಾಚಿಯ ಕೈಗೆ ಎರಡು ಬೀಜ ನಜರಾಣೆ ಕೊಟ್ಟು “ಮೂವತ್ತಕ್ಕ ತೇಜಿ” ಎಂದೆ ಅನ್ನಿ. ಎಲೆ ತೆರೆದಾಗ ದರ ಮೂವತ್ತೈದು ಬಂದರೆ ಮೇಲಿನ ಐದು ಬೀಜ ಚಾಚಿ ನನಗೆ ಕೊಡಲೇಬೇಕು. ಇಪ್ಪತ್ತೈದು ಬಂದರೆ? ನಾನು ಸುಮ್ಮನೆ ಕೂರಬಹುದು. ಹೋದದ್ದು ಎರಡೇ ಬೀಜ. ಮಂದಿ ಎಂದರೆ ಇದನ್ನೇ ತಿರುವಿ ಹಾಕಿದ್ದು. ದರ ಇಳಿದಷ್ಟೂ ಕೊಂಡವರಿಗೆ ಲಾಭ.

ಎರಡೇ ಆಟಕ್ಕೆ ಸಿದ್ದಣ್ಣ ನನಗೆ ಅರ್ಥವಾದ. ಪಾಪ, ಎಂಥ ಸತ್ಯವಂತ! ನಜರಾಣೆ ಕೊಟ್ಟು, ದರ ಬಿದ್ದಾಗ ಸುಮ್ಮನೆ ಕೂತಿದ್ದ, ಅಷ್ಟೇ. ಅರ್ಥವೇನೋ ಎರಡೇ ಆಟಕ್ಕೆ ಆಯಿತು, ಗೆಲ್ಲುವುದು ಮಾತ್ರ ಎರಡು ತಿಂಗಳಾದರೂ ಆಗಲಿಲ್ಲ. ನನ್ನ ಕೈಗೆ ರಾಜ ಬಂದರೆ ಸಾಕು, ಬಳೆ ಮೊಣಕೈಗೆ ಏರುತ್ತಿತ್ತು. ತಕ್ಷಣ ಅತ್ತೆಯವರು ನನ್ನ ಮುಖವನ್ನೂ ನೋಡದೆ, “ಇವಳ ಹತ್ರ ದೊಡ್ಡದು ಅದ. ಇವಳಿಗೆ ಯಾರೂ ತೇಜಿ ಮಾರಬ್ಯಾಡ್ರಿ” ಎಂದು ಚಾಚಿಗೆ ಹೇಳುತ್ತಿದ್ದರು. ಎಕ್ಕಾ ಬಂದರೆ ಕೆಳತುಟಿ ಮುಂದೆ ಬರುತ್ತಿತ್ತಂತೆ. “ಇವಳ ತುಟಿ ನೋಡ್ರಿ, ತೊಗರಿ ಬಿತ್ತು,” ಎನ್ನುತ್ತಿದ್ದರು ಚಾಚಿ. ನನ್ನೊಬ್ಬಳಿಗಾಗಿ ಒಂದು ಬಟ್ಟಲು ಬೇರೆಯೇ ಹುಣಸೆಬೀಜ ತುಂಬಿಡಬೇಕಾಯಿತು. ಮನೆಯಲ್ಲಿ ಹುಣಸೆಹಣ್ಣಿನ ಖರ್ಚು ಯಾಕೆ ಹೆಚ್ಚಿತು ಎಂದು ನಮ್ಮ ಮನೆಯವರು ಕೇಳಿದರು. “ಸಾರು ಹುಳಿ ಇರಲಿ ಅಂತ” ಎಂದೆ. ಕಿವಿ ಕೆಂಪಾಯಿತು.

ಆದರೆ ಸೋಲುವವರಿಗೆ ಒಂದು ಅನುಕೂಲವಿದೆ. ಅವರಿಗೆ ಸುತ್ತ ನೋಡಲು ಬೇಕಾದಷ್ಟು ಬಿಡುವಿರುತ್ತದೆ. ನೋಡುತ್ತ ನೋಡುತ್ತ ನಾನೊಂದು ಸಂಗತಿ ಹಿಡಿದೆ. ಅತ್ತೆಯವರ ಮುಖದಲ್ಲಿ ಏನೂ ಸಿಗುತ್ತಿರಲಿಲ್ಲ, ಆದರೆ ಅಡಿಕೆಯಲ್ಲಿ ಸಿಗುತ್ತಿತ್ತು. ಕೈಯಲ್ಲಿ ಗೆಲ್ಲುವ ಎಲೆ ಇದ್ದರೆ ಅಡಿಕೆ ಕಾಗದದಷ್ಟು ತೆಳ್ಳಗೆ ಸೀಳಿ ಸೀಳಿ ಬೀಳುತ್ತಿತ್ತು. ಇಲ್ಲದ್ದನ್ನು ಇದೆ ಎಂದು ತೋರಿಸಿಕೊಳ್ಳುವಾಗ ಅಡಿಕೆ ದಪ್ಪ ದಪ್ಪ ತುಂಡಾಗಿ ಬೀಳುತ್ತಿತ್ತು. ಈ ಗುಟ್ಟನ್ನು ಯಾರಿಗೂ ಹೇಳಲಿಲ್ಲ. ನನಗೆ ಬಹಳ ದೊಡ್ಡ ಆಸ್ತಿ ಸಿಕ್ಕಂತಾಗಿತ್ತು. ಆಸ್ತಿ ಸಿಗುವುದು ಬೇರೆ, ಅದನ್ನು ಬಳಸುವ ಬುದ್ಧಿ ಬೇರೆ ಎಂಬುದು ಆಮೇಲೆ ತಿಳಿಯಿತು.

ಹೀಗಿರುವಾಗ ಕಾರಹುಣ್ಣಿಮೆ ಹತ್ತಿರ ಬಂತು. ಕಾರಹುಣ್ಣಿಮೆ ಬಂತೆಂದರೆ ನಮ್ಮ ಕಡೆಯ ಮದುವೆಯಾದ ಹೆಣ್ಣುಮಕ್ಕಳೆಲ್ಲ ಬೆರಳು ಮಡಚಿ ನಾಗರಪಂಚಮಿಯ ಲೆಕ್ಕ ಹಾಕುತ್ತಾರೆ. ಪಂಚಮಿಗೆ ಅಣ್ಣ ಬಂದು ಕರೆದೊಯ್ಯಬೇಕು, ತವರಿನಲ್ಲಿ ಹುರಿದ ಜೋಳದ ಅಳ್ಳು ತಿನ್ನಬೇಕು, ಉಂಡಿ ಕಟ್ಟಬೇಕು, ಜೋಕಾಲಿ ಜೀಕಬೇಕು. ಮದುವೆಯಾದ ಮೊದಲ ವರ್ಷ ಹೋಗಿಬಂದಿದ್ದೆ. ಇದು ಎರಡನೆಯದು. ಈ ಸಲ ನನಗೆ ಹೋಗಲೇಬೇಕಿತ್ತು. ತಂಗಿ ಸರೋಜಾಳಿಗೆ ಪುಣೆಯ ಕಡೆ ಸಂಬಂಧ ಗಟ್ಟಿಯಾಗಿತ್ತು. ಶ್ರಾವಣ ಕಳೆದ ಮೇಲೆ ಮದುವೆ. ಅಷ್ಟು ದೂರ ಹೋದವಳು ಪ್ರತಿ ಪಂಚಮಿಗೆ ಬರುತ್ತಾಳೆಂಬ ನಂಬಿಕೆಯೇನು? ಚಿಕ್ಕಂದಿನಲ್ಲಿ ಒಂದೇ ಜೋಕಾಲಿಯಲ್ಲಿ ಎದುರುಬದುರು ನಿಂತು ಜೀಕಿದವರು ನಾವು. ಅವಳಿಗೆ ಮೇಲಕ್ಕೆ ಹೋದಾಗ ಹೆದರಿಕೆ, ನನಗೆ ಕೆಳಕ್ಕೆ ಬರುವಾಗ ಹೆದರಿಕೆ. ಹಾಗಾಗಿ ಯಾವಾಗಲೂ ಒಬ್ಬಳಾದರೂ ಧೈರ್ಯವಾಗಿರುತ್ತಿದ್ದಳು. ಅದೊಂದು ಪಂಚಮಿ ನನಗೆ ಬೇಕಿತ್ತು.

ತೊಡಕೇನೆಂದರೆ, ಅದೇ ಪಂಚಮಿಗೆ ನಾದಿನಿ ಶಾಂತಾ ಅಫಜಲಪುರದಿಂದ ಎರಡು ಮಕ್ಕಳನ್ನು ಕಟ್ಟಿಕೊಂಡು ನಮ್ಮ ಮನೆಗೆ ಬರುವವಳಿದ್ದಳು. ಮಗಳು ಬರುವಾಗ ಸೊಸೆ ಹೊರಟರೆ ಮನೆಗೆಲಸ ಯಾರು ನೋಡಬೇಕು? ಅತ್ತೆಯವರನ್ನು ಕೇಳಿದೆ. “ನೋಡೋಣು” ಎಂದರು. ನಾಲ್ಕು ದಿನ ಬಿಟ್ಟು ಮತ್ತೆ ಕೇಳಿದೆ. “ನೋಡೋಣಂತ” ಎಂದರು. ಈ ‘ನೋಡೋಣು’ ಎಂಬ ಮಾತಿನಂಥ ಮಾತು ಇನ್ನೊಂದಿಲ್ಲ. ಬೇಡ ಎಂದರೆ ಅತ್ತುಬಿಡಬಹುದು, ಹೂಂ ಎಂದರೆ ಚೀಲ ಕಟ್ಟಬಹುದು. ನೋಡೋಣು ಎಂದರೆ ಬಾಗಿಲಲ್ಲಿ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟುಕೊಂಡು ನಿಂತಿರಬೇಕು.

ಕಾರಹುಣ್ಣಿಮೆಯ ಮಧ್ಯಾಹ್ನ ಎಲೆ ಹಂಚುತ್ತಿರುವಾಗ ನನಗೊಂದು ಬುದ್ಧಿ ಹೊಳೆಯಿತು. ನನ್ನ ಜೀವನದಲ್ಲಿ ನಾನಾಗಿ ಮಾಡಿದ ಮೊದಲ ವ್ಯಾಪಾರದ ಯೋಚನೆ ಅದು.

“ಅತ್ತಿ, ಎಲಿ ಆಮ್ಯಾಲ ಆಡೋಣ್ರಿ. ನನಗೊಂದು ತೇಜಿ ಮಾರ್ತೀರೇನು?” ಎಂದೆ.

“ಯಾವುದರದು?”

“ಪಂಚಮಿದು. ನಜರಾಣಿ ಕೊಡ್ತೇನಿ. ಪಂಚಮಿಗೆ ಜೇವರ್ಗಿಗೆ ಹೋಗೋ ಹಕ್ಕು ನಂದು. ಆವತ್ತ ನೀವು ಬ್ಯಾಡ ಅನ್ನೂ ಹಂಗಿಲ್ಲ. ನನಗ ಹೋಗೂ ಮನಸ್ಸಿಲ್ಲಂದ್ರ ಹೋಗೂದಿಲ್ಲ, ನಜರಾಣಿ ನಿಮಗೇ.”

ಬಾನು ಚಾಚಿ ಎಲೆಗಳನ್ನು ಮಡಿಲಿಗೆ ಹಾಕಿಕೊಂಡು, “ಅರೆ ವ್ಹಾ! ಕಂಪೌಂಡರ್ ಸಾಬರ ಮಗಳು ಅಡತಿ ಅಂಗಡಿ ತೆಗೆದಳು!” ಎಂದು ತೊಡೆ ತಟ್ಟಿದರು. ಅತ್ತೆಯವರು ನಗಲಿಲ್ಲ. ಅಡಕೊತ್ತು ಕೈಗೆತ್ತಿಕೊಂಡರು.

“ನಜರಾಣಿ ಏನು ಕೊಡ್ತಿ?”

“ನೀವೇ ಹೇಳ್ರಿ.”

“ಇವತ್ತಿನಿಂದ ಪಂಚಮಿ ತನಕ ಎರಡೂ ಹೊತ್ತಿನ ರೊಟ್ಟಿ ನೀನೇ ಬಡೀಬೇಕು. ನಾ ಹಿಟ್ಟಿಗೆ ಕೈ ಹಚ್ಚೂದಿಲ್ಲ. ಒಂದು ಹೊತ್ತು ತಪ್ಪಿದ್ರ ಸೌದಾ ರದ್ದು. ಐದು ದಿನ ಹೋಗಿ ಬರಬೇಕು, ಆರನೇ ದಿನ ಇಲ್ಲ.”

ಜೋಳದ ರೊಟ್ಟಿ ನನಗೆ ಬರುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಬ್ರೆಡ್ಡು ತಿಂದು ಬೆಳೆದ ಕೈ. ಅಲ್ಲಿಯವರೆಗೆ ರೊಟ್ಟಿ ಅತ್ತೆಯವರದು, ಪಲ್ಯ ನನ್ನದು ಎಂದು ನಡೆದಿತ್ತು. ಪಂಚಮಿಗೆ ಇನ್ನೂ ಐವತ್ತು ದಿನ. ಹೊತ್ತಿಗೆ ಇಪ್ಪತ್ತು ರೊಟ್ಟಿ! ಆದರೆ ಜೋಕಾಲಿ ಕಣ್ಣ ಮುಂದೆ ಬಂತು. “ಆಗಲಿ” ಎಂದೆ. ಬಾನು ಚಾಚಿ ಸಾಕ್ಷಿ. ಕೈಗೆ ಕೈ ಹಾಕಿ ಸೌದಾ ಮುಗಿಯಿತು. ಆಗ ಅತ್ತೆಯವರ ಮಡಿಲಲ್ಲಿ ಬೀಳುತ್ತಿದ್ದ ಅಡಿಕೆಯ ಕಡೆ ನನ್ನ ಕಣ್ಣು ಹೋಯಿತು. ತೆಳ್ಳಗೆ, ಬೆಳಕು ಹಾಯುವಷ್ಟು ತೆಳ್ಳಗೆ ಬೀಳುತ್ತಿತ್ತು. ಐವತ್ತು ದಿನ ಹಿಟ್ಟಿಗೆ ಕೈ ಹಚ್ಚುವುದು ತಪ್ಪಿತಲ್ಲ, ಅದಕ್ಕೇ ಖುಷಿಯಾಗಿದ್ದಾರೆ ಎಂದುಕೊಂಡೆ. ಹೇಳಿದೆನಲ್ಲ, ಆಸ್ತಿ ಬೇರೆ, ಬುದ್ಧಿ ಬೇರೆ.

ಆ ದಿನಗಳ ರೊಟ್ಟಿಯ ಬಗ್ಗೆ ಹೆಚ್ಚು ಹೇಳುವುದು ಬೇಡ. ಜೋಳದ ಹಿಟ್ಟಿಗೆ ಹೆದರಿದ ಕೈ ಯಾವುದೆಂದು ಗೊತ್ತಾಗುತ್ತದೆ. ಬಡಿಯುವಾಗ ಸರಿಯಾಗಿಯೇ ಇರುತ್ತದೆ, ಎತ್ತಿ ಹಂಚಿಗೆ ಹಾಕುವ ಆ ಒಂದು ಕ್ಷಣದಲ್ಲಿ ನಡುವೆ ಸೀಳಿ ಎರಡು ಮನೆಯಾಗುತ್ತದೆ. ನಮ್ಮ ಮನೆಯವರು ಗಂಗಾಳದ ಮುಂದೆ ಕೂತು ಒಂದೊಂದು ರೊಟ್ಟಿಯನ್ನೂ ಎತ್ತಿ ನೋಡುತ್ತಿದ್ದರು. “ನಿನ್ನಿ ಜೇವರ್ಗಿ ತಾಲ್ಲೂಕಿನ ನಕಾಶೆ ಇತ್ತು. ಇವತ್ತ ಅಫಜಲಪುರ ಆಗ್ಯದ. ಇಲ್ಲಿ ನೋಡು, ಭೀಮಾ ನದಿ ಹರದದ,” ಎಂದು ಸೀಳನ್ನು ಬೆರಳಿನಿಂದ ತೋರಿಸುತ್ತಿದ್ದರು. ಮಾವನವರು ಮಾತ್ರ ಏನೂ ಅನ್ನದೆ ನದಿಯ ಈ ದಂಡೆ ಮುಗಿಸಿ ಆ ದಂಡೆ ತಿನ್ನುತ್ತಿದ್ದರು. ಅತ್ತೆಯವರು ಹಿಟ್ಟಿಗೆ ಕೈ ಹಚ್ಚುವುದಿಲ್ಲ ಎಂದವರು ಹಚ್ಚಲಿಲ್ಲ, ಆದರೆ ಬಾಯಿಗೆ ಅಂಥ ಕರಾರು ಇರಲಿಲ್ಲವಲ್ಲ. “ಬಿಸಿನೀರು ಇನ್ನಷ್ಟು ಹಾಕು… ಅಂಗೈ ಅಲ್ಲ, ಬೆರಳು ತಿರಗಬೇಕು… ಹೆದರಿ ಎತ್ತಬ್ಯಾಡ, ಕೂಸಿನ್ನ ಎತ್ತಿದಂಗ ಎತ್ತು.” ಆಷಾಢ ಅರ್ಧ ಕಳೆಯುವಷ್ಟರಲ್ಲಿ ನದಿಗಳು ಬತ್ತಿದವು. ಒಂದು ದಿನ ನಮ್ಮ ಮನೆಯವರು ರೊಟ್ಟಿಯನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿ, “ಇದು ಯಾವ ತಾಲ್ಲೂಕಂತ ತಿಳೀವಲ್ದು,” ಎಂದರು. ಅದು ದುಂಡಗಿತ್ತು. ನನ್ನ ಬಳೆ ಮೊಣಕೈಗೇರಿತು. ಅಷ್ಟರಲ್ಲಿ ಅವ್ವನಿಗೂ ಕಾಗದ ಬರೆದಿದ್ದೆ: ‘ಪಂಚಮಿಗೆ ಬರುವ ಹಕ್ಕನ್ನು ರೊಟ್ಟಿ ಕೊಟ್ಟು ಕೊಂಡಿದ್ದೇನೆ, ಅಣ್ಣನನ್ನು ತಪ್ಪದೆ ಕಳಿಸು.’ ಅವ್ವನಿಂದ ‘ಅಣ್ಣ ಬರುತ್ತಾನೆ, ನಿನ್ನ ಆರೋಗ್ಯ ನೋಡಿಕೋ’ ಎಂದು ಎರಡೇ ಸಾಲಿನ ಉತ್ತರ ಬಂತು. ಆರೋಗ್ಯದ ಮಾತು ಯಾಕೆ ಬಂತೆಂದು ಆಗ ತಿಳಿಯಲಿಲ್ಲ.

ಪಂಚಮಿಗೆ ನಾಲ್ಕು ದಿನ ಇದೆ ಎನ್ನುವಾಗ ಅತ್ತೆಯವರು ಬಚ್ಚಲ ಕಲ್ಲಿನ ಮೇಲೆ ಜಾರಿದರು. ಕಾಲು ಮುರಿದಿರಲಿಲ್ಲ, ಉಳುಕಿತ್ತು, ಆದರೆ ಪಾದ ಬಾತು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಅದೇ ಸಂಜೆ ಶಾಂತಾ ಮಕ್ಕಳೊಂದಿಗೆ ಬಂದಿಳಿದಳು. ಮನೆಯ ತುಂಬ ಜನ, ಉಂಡಿಗೆ ಶೇಂಗಾ ಹುರಿಯಬೇಕು, ಅತ್ತೆಯವರನ್ನು ಎತ್ತಿ ಕೂರಿಸಬೇಕು. ನಾನು ಒಲೆಯ ಮುಂದೆ ಕೂತು ಯೋಚಿಸಿದೆ. ಸಿಸ್ಟರ್ ಇದ್ದಿದ್ದರೆ ಏನನ್ನುತ್ತಿದ್ದರು? ಜೋಕಾಲಿಯನ್ನು ಮನಸ್ಸಿನಲ್ಲಿಯೇ ಬಿಚ್ಚಿ ಹಗ್ಗ ಸುತ್ತಿಟ್ಟೆ. ಕಣ್ಣೊರೆಸಿಕೊಂಡು ಹೋಗಿ ಅತ್ತೆಯವರ ಹಾಸಿಗೆಯ ಪಕ್ಕ ಕೂತು, “ಅತ್ತಿ, ನಾ ಈ ಸಲ ಹೋಗೂದಿಲ್ರಿ. ಹಕ್ಕು ಬಿಡ್ತೇನಿ,” ಎಂದೆ. ತ್ಯಾಗ ಮಾಡುವಾಗ ಎದುರಿಗಿರುವವರ ಕಣ್ಣಲ್ಲಿ ನೀರು ಬರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು.

ಅತ್ತೆಯವರು ಧಡಕ್ಕನೆ ಎದ್ದು ಕೂತರು. “ಏನಂದಿ? ಬಿಡ್ತಿ? ಐವತ್ತು ದಿನ ನಜರಾಣಿ ತುಂಬಿ, ನಾಳಿ ಕೈಗೆ ಬರೂ ತೇಜಿ ಇವತ್ತ ಬಿಡ್ತಿ? ಏ ಶಾಂತಾ, ಬಾ ಇಲ್ಲಿ, ಕೇಳು ನಿಮ್ಮ ವೈನಿ ಮಾತು! ಲಾಭದಾಗಿರೋ ತೇಜಿ ಯಾರರ ಬಿಡ್ತಾರೇನು ಬೇ? ನಾ ಹೊರಗ ಮುಖ ಹೆಂಗ ತೋರಿಸಲಿ? ಇದನ್ನ ಕಲಿಸಿದ್ದೇನು ನಾ ನಿನಗ?”

“ಅಲ್ರಿ ಅತ್ತಿ, ನಿಮ್ಮ ಕಾಲು…”

“ಕಾಲಿಗೂ ಸೌದಾಕ್ಕೂ ಏನು ಸಂಬಂಧ? ಕೊಂಡವರಿಗೆ ಹಕ್ಕು, ಮಾರಿದವರಿಗೆ ಮಾತು. ನಾ ಮಾರೀನಿ. ನನ್ನ ಮಾತು ನಾ ನಡಸ್ತೇನಿ. ನನ್ನ ಮಾತಿಗೆ ನೀ ಅಡ್ಡ ಬರಬ್ಯಾಡ!”

ಶಾಂತಾ ಬಾಗಿಲಿಗೆ ಒರಗಿ ನಗುತ್ತಿದ್ದಳು. “ಹೋಗ್ರಿ ವೈನಿ. ಇಲ್ಲಂದ್ರ ಅವ್ವ ನಿಮ್ಮನ್ನ ಈ ಜನ್ಮದಾಗ ಕ್ಷಮಾ ಮಾಡೂದಿಲ್ಲ. ರೊಟ್ಟಿ ನಾ ಬಡೀತೇನಿ.”

ಎರಡು ದಿನ ಬಿಟ್ಟು ಅಣ್ಣ ಬಂದ. ಹೊರಡುವಾಗ ಅತ್ತೆಯವರ ಕಾಲಿಗೆ ನಮಸ್ಕಾರ ಮಾಡಲು ಹೋದರೆ, “ಆ ಕಾಲು ಬ್ಯಾಡ, ಈ ಕಾಲು ಮುಟ್ಟು,” ಎಂದರು. “ನೋವು ಕಡಿಮಿ ಆಗ್ಯದೇನ್ರಿ?” ಎಂದು ಕೇಳಿದೆ. “ನೋವೆಲ್ಲಿ ಅದ? ಹೋಗು, ಬಸ್ಸು ತಪ್ತದ,” ಎಂದು ಅಡಕೊತ್ತು ಎತ್ತಿಕೊಂಡರು. ಕಟ್ ಎಂದಿತು. ನಾನು ಬಗ್ಗಿ ನೋಡಿದೆ. ಅಡಿಕೆ ದಪ್ಪ ದಪ್ಪ ತುಂಡಾಗಿ ಮಡಿಲಿಗೆ ಬಿತ್ತು.

ಜೇವರ್ಗಿಯಲ್ಲಿ ಎಲ್ಲವೂ ಇತ್ತು. ಬೇವಿನ ಮರಕ್ಕೆ ಅಪ್ಪ ಹಗ್ಗ ಕಟ್ಟಿಸಿದ್ದರು, ಔಷಧ ಅಳೆದಂತೆ ಎರಡೂ ಕಡೆ ಸಮನಾಗಿ. ನಾನೂ ಸರೋಜಾಳೂ ಎದುರುಬದುರು ನಿಂತು ಜೀಕಿದೆವು. ಅವಳು ಮೇಲಕ್ಕೆ ಹೋದಾಗ ಕಿರುಚಿದಳು, ಕೆಳಕ್ಕೆ ಬರುವಾಗ ನಾನು ಕಿರುಚಿದೆ. ಎಲ್ಲ ಸರಿಯಾಗಿಯೇ ಇತ್ತು, ಆದರೆ ನಡುನಡುವೆ ಆ ದಪ್ಪ ಅಡಿಕೆಯ ತುಂಡುಗಳು ಕಣ್ಣ ಮುಂದೆ ಬರುತ್ತಿದ್ದವು. ನಾಲ್ಕನೆಯ ದಿನ ಅವ್ವ, “ಇನ್ನೂ ನಾಕು ದಿನ ಅದಾವಲ್ಲ, ನಾಳಿ ಸರೋಜಾನ ಸೀರಿ ತರೂನು,” ಎಂದಳು. “ನಾಕೆಲ್ಲಿ ಅವ್ವಾ, ನಾ ಕೊಂಡಿದ್ದು ಐದೇ ದಿನ. ನಾಳಿ ಹೊರಡಬೇಕು,” ಎಂದೆ. ಅವ್ವ ನನ್ನ ಹಣೆ ಮುಟ್ಟಿ ನೋಡಿದಳು. “ಕೊಂಡಿದ್ದು ಕೊಂಡಿದ್ದು ಅಂತ ಏನ ಬರೀತಿ, ಏನ ಮಾತಾಡ್ತಿ? ಜ್ವರಾ ಬಂದು ಬಡಬಡಿಸಾಕತ್ತಿ ಅಂತ ನಿಮ್ಮಪ್ಪ ಗುಳಗಿ ಕಟ್ಟಿಟ್ಟಾರ. ನಿಮ್ಮತ್ತಿ ಅವಾಗೇ ಕಾರ್ಡ ಬರಸ್ಯಾರಲ್ಲ!”

ಗೂಟಕ್ಕೆ ಸಿಕ್ಕಿಸಿದ ಕಾಗದಗಳ ನಡುವಿನಿಂದ ಆ ಕಾರ್ಡು ತೆಗೆದು ಕೊಟ್ಟಳು. ಮಾವನವರ ಅಕ್ಷರ, ಮಾತು ಅತ್ತೆಯವರದು. ‘ಸರೋಜಾಗೆ ಇದು ತವರಿನ ಕಡೆಯ ಪಂಚಮಿ. ಅಕ್ಕತಂಗಿಯರು ಕೂಡಿ ಇರಲಿ. ಸುಶೀಲಾಳನ್ನು ಕರೆಯಲು ಅಣ್ಣನನ್ನು ಕಳಿಸಬೇಕು. ಎಂಟು ದಿನ ಇಟ್ಟುಕೊಳ್ಳಿರಿ.’ ಬರೆದ ದಿನ ನೋಡಿದೆ. ಕಾರಹುಣ್ಣಿಮೆಗೆ ಒಂದು ವಾರ ಮುಂಚೆ! ನಾನು ತೇಜಿ ಕೇಳುವ ಮೊದಲೇ, ಒಂದೇ ಒಂದು ರೊಟ್ಟಿ ಬಡಿಯುವ ಮೊದಲೇ, ನನ್ನ ಪಂಚಮಿ ಅಂಚೆ ಡಬ್ಬಿ ಸೇರಿತ್ತು. ಪುಕ್ಕಟೆ ಸಿಗುತ್ತಿದ್ದ ಎಂಟು ದಿನವನ್ನು ಬಿಟ್ಟು, ಎರಡು ಸಾವಿರ ರೊಟ್ಟಿ ಕೊಟ್ಟು ಐದು ದಿನ ಕೊಂಡಿದ್ದೆ. ಆಳಂದದ ಪೇಟೆಯಲ್ಲಿ ಇಂಥ ಗಿರಾಕಿ ಹಿಂದೆ ಬಂದಿರಲಾರಳು.

ಸಿಟ್ಟು ಬಂತು. ಎಂಟಲ್ಲ, ಹತ್ತು ದಿನ ಇರುತ್ತೇನೆ ಎಂದುಕೊಂಡೆ. ಆದರೆ ಮರುದಿನ ಬೆಳಗಾಗುವಷ್ಟರಲ್ಲಿ ಚೀಲ ಕಟ್ಟಿಕೊಂಡಿದ್ದೆ. ಸಿಟ್ಟಿಗಿಂತ ಆ ದಪ್ಪ ಅಡಿಕೆ ಭಾರವಾಗಿತ್ತು.

ನಡುಮನೆಗೆ ಕಾಲಿಟ್ಟರೆ ಅತ್ತೆಯವರು ಹಾಸಿಗೆಯಲ್ಲಿ ಕಾಲು ಚಾಚಿ ಕೂತಿದ್ದರು. ನನ್ನ ಕಂಡದ್ದೇ, “ಎಂಟು ದಿನ ಇರಬೇಕಿತ್ತಲ್ಲ, ಐದಕ್ಕ ಯಾಕ ಬಂದಿ?” ಎಂದು ಕೇಳಿ ತಟ್ಟನೆ ಬಾಯಿ ಮುಚ್ಚಿಕೊಂಡರು. ಅವರ ಜೀವಮಾನದಲ್ಲಿ ಬಾಯಿ ಜಾರಿದ್ದು ಅದೊಂದೇ ಸಲವಿರಬೇಕು. ನಾನು ಏನೂ ತಿಳಿಯದವಳಂತೆ, “ಯಾವ ಎಂಟು ದಿನ್ರಿ ಅತ್ತಿ? ಸೌದಾ ಐದರದಲ್ಲೇನು?” ಎಂದೆ. ಮುಖ ಬಿಗಿಯಾಗಿ ಹಿಡಿದುಕೊಂಡಿದ್ದೆ, ಕಿವಿಯ ಮೇಲೆ ಸೆರಗು ಎಳೆದುಕೊಂಡಿದ್ದೆ. ಅತ್ತೆಯವರು ನನ್ನ ಕೈ ನೋಡಿದರು. ಬಳೆಗಳೆಲ್ಲ ಮೊಣಕೈಯಲ್ಲಿದ್ದವು.

“ಕಾರ್ಡ ನೋಡೀದಿ,” ಎಂದರು.

“ನೋಡೇನ್ರಿ. ಮೊದಲೇ ಕಳಸೂದು ಗಟ್ಟಿ ಮಾಡಿದ್ರಿ. ಮತ್ತ ನನ್ನ ಕಡಿಂದ ನಜರಾಣಿ ಯಾಕ ತಗೊಂಡ್ರಿ?”

“ಯಾಕಂದ್ರ? ನೀನಾಗೇ ಬಾಗಿಲಿಗೆ ಬಂದಿ, ದರ ಕೇಳಿದಿ. ಬಾಗಿಲಿಗೆ ಬಂದ ಗಿರಾಕಿನ್ನ ಯಾರರ ತಿರುಗಿ ಕಳಸ್ತಾರೇನು?” ಎಂದು ನಗತೊಡಗಿದರು. ನಗುವಾಗ ಕಾಲು ಅಲುಗಿ “ಅಯ್ಯೋ ಶಿವನೇ” ಎಂದರು, ಮತ್ತೆ ನಕ್ಕರು. ಆಮೇಲೆ ನಾನು ಕಾಲಿಗೆ ಎಣ್ಣೆ ಹಚ್ಚುತ್ತಿದ್ದಾಗ ಮೆಲ್ಲಗೆ, “ಮೂರು ದಿನ ಬಿಟ್ಟು ಬಂದಿ ಹುಚ್ಚಿ. ನಿನಗ ಈ ವ್ಯಾಪಾರ ಹತ್ತೂದಿಲ್ಲ,” ಎಂದರು. ನನ್ನ ತಲೆಯ ಮೇಲೆ ಒಂದು ಕೈ ಇಟ್ಟಿದ್ದರು. ಅಡಕೊತ್ತು ಮಣೆಯ ಮೇಲೆ ಸುಮ್ಮನೆ ಬಿದ್ದಿತ್ತು.

ಈಗ ಅತ್ತೆಯವರಿಲ್ಲ. ಅಡಕೊತ್ತು ನನ್ನ ಹತ್ತಿರ ಇದೆ. ಅಡಿಕೆ ತಿನ್ನುವ ಅಭ್ಯಾಸವಿಲ್ಲದಿದ್ದರೂ ಎಣ್ಣೆ ಹಚ್ಚಿ ಇಟ್ಟಿದ್ದೇನೆ. ಅಫಜಲಪುರದಿಂದ ಸೊಸೆ ಬಂದಿದ್ದಾಳೆ, ವೀಣಾ, ಕಾಮರ್ಸ್ ಓದಿದವಳು. ಮೊನ್ನೆ ಪೇಪರು ಹಿಡಿದುಕೊಂಡು ಬಂದು, “ಅತ್ತಿ, ಶೇರು ಪೇಟೆಗೆ ಆಪ್ಷನ್ ಅಂತ ಹೊಸಾ ವ್ಯಾಪಾರ ತರ್ತಾರಂತ್ರಿ. ಬಾಳ ಕಠಿಣಂತ, ಓದಿದವರಿಗೂ ತಿಳಿಯೂದಿಲ್ಲಂತ,” ಎಂದಳು. ಓದಿಸಿ ಕೇಳಿದೆ. ಮುಂಗಡ ಕೊಡುವುದಂತೆ, ಕೊಂಡವರಿಗೆ ಹಕ್ಕಂತೆ, ಮಾರಿದವರಿಗೆ ಕಟ್ಟುಪಾಡಂತೆ. ನಗು ಬಂತು. “ಹುಣಸೆಬೀಜ ತಗೊಂಡು ಬಾ,” ಎಂದೆ. ಕೋಲೂರಿಕೊಂಡು ಬಾನು ಚಾಚಿಯೂ ಬಂದರು. ಎರಡೇ ಆಟಕ್ಕೆ ವೀಣಾಳಿಗೆ ತಿಳಿಯಿತು. ಮೂರನೆಯ ಆಟಕ್ಕೆ ನನ್ನ ಬಟ್ಟಲು ಖಾಲಿ.

ಎಲೆ ಎತ್ತಿಡುವಾಗ ಅವಳು ಮೆಲ್ಲಗೆ, “ಅತ್ತಿ, ಪಂಚಮಿಗೆ ನನ್ನ ಅಫಜಲಪುರಕ್ಕ ಕಳಸ್ತೀರೇನ್ರಿ?” ಎಂದಳು. ನನ್ನ ಎದೆ ಕುಣಿಯಿತು. ಸುಮಾರು ಮೂವತ್ತು ವರ್ಷದಿಂದ ಈ ಗಿರಾಕಿಗಾಗಿ ಅಂಗಡಿ ತೆರೆದುಕೊಂಡು ಕೂತಿದ್ದೆ. ಅವಳ ತವರಿಗೆ ಕಾರ್ಡು ಹಾಕಿ ಆಗಲೇ ನಾಲ್ಕು ದಿನವಾಗಿತ್ತು. ಈ ಹುಡುಗಿ ರೊಟ್ಟಿ ಬಡಿಯಲು ಹೋದರೆ ಇನ್ನೂ ಮೂರು ತಾಲ್ಲೂಕು ತೋರಿಸುತ್ತಾಳೆ. ನಾನು ಅತ್ತೆಯವರ ಹಾಗೆಯೇ ನೆಟ್ಟಗೆ ಕೂತೆ, ಅಡಕೊತ್ತು ಕೈಗೆತ್ತಿಕೊಂಡೆ, ಅವರ ಹಾಗೆಯೇ ಎಲ್ಲಿಯೋ ನೋಡುತ್ತ, “ನೋಡೋಣು. ನಜರಾಣಿ ಏನು ಕೊಡ್ತಿ?” ಎಂದೆ.

ವೀಣಾ ನನ್ನ ಮುಖ ನೋಡಲಿಲ್ಲ. ಅಡಕೊತ್ತನ್ನೂ ನೋಡಲಿಲ್ಲ. ನನ್ನ ಎಡಗೈ ನೋಡಿ ಬಾನು ಚಾಚಿಯ ಕಡೆ ತಿರುಗಿದಳು. ಇಬ್ಬರೂ ಒಟ್ಟಿಗೇ ನಕ್ಕರು. ನನ್ನ ಹಳೆಯ ಪಂಚಮಿಯ ಕಥೆಯನ್ನು ಚಾಚಿ ಇವಳಿಗೆ ಮೊದಲೇ ಹೇಳಿಬಿಟ್ಟಿರಬೇಕು.

“ಅತ್ತಿ,” ಎಂದಳು, “ಕಾರ್ಡ ಯಾವಾಗ ಹಾಕಿದ್ರಿ?”

ಹಾಡು ಗುನುಗುತ್ತ ಅವಳು ಸೀರೆ ಮಡಚಲು ಕೋಣೆಗೆ ಹೋದಳು. ನಾನು ಬಳೆಗಳನ್ನು ಒಂದೊಂದಾಗಿ ಮಣಿಕಟ್ಟಿಗೆ ಇಳಿಸಿಕೊಂಡು, ಎದ್ದು ಹೋಗಿ ಹಿಟ್ಟಿನ ಡಬ್ಬಿ ತೆರೆದೆ. ಆ ಹೊತ್ತಿನ ಇಪ್ಪತ್ತೂ ರೊಟ್ಟಿ ನನ್ನ ಪಾಲಿಗೇ ಬಂದವು. ಒಂದಾದರೂ ಸೀಳಲಿಲ್ಲ, ಅಷ್ಟರ ಮಟ್ಟಿಗೆ ಈ ವ್ಯಾಪಾರದಲ್ಲಿ ನನಗೂ ಲಾಭವೇ.